ಮೌಸ್ ಮುಟ್ಟದ ಮೇಡಂ

ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದಿರುತ್ತಿತ್ತು, ಬೆನ್ನ ಹಿಂದೆ. ಬೆರಳುಗಳ ನಡುವೆ ನಾಲ್ಕು ಮಡಿಕೆಯ ಕರ್ಚೀಫು. ಕೂಡ್ಲಿಗಿಯ ಬಸ್ ನಿಲ್ದಾಣದೆದುರು, ಬೀಜದಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಮ್ಮ ಮೇಡಂ ತರಗತಿಯುದ್ದಕ್ಕೂ ಹಾಗೆಯೇ ಓಡಾಡುತ್ತಿದ್ದರು. ಕಲಿಯುವವರ ಮೌಸನ್ನು ಅವರು ಒಮ್ಮೆಯೂ ಮುಟ್ಟಿದವರಲ್ಲ. ಯಾರಾದರೂ ತಡವರಿಸಿದರೆ ಪರದೆಯತ್ತ ಗದ್ದ ಚಾಚಿ, “ಮ್ಯಾಲ ನೋಡು. ಇನ್ನೊಂಚೂರು ಮ್ಯಾಲ” ಎನ್ನುವರು. ಆಮೇಲೆ ಕಾಯುವರು. ಅಷ್ಟು ಕಾಯಬಲ್ಲವರನ್ನು ನಾನು ವಿಶ್ವವಿದ್ಯಾಲಯದಲ್ಲೂ ಕಾಣಲಿಲ್ಲ.

ಪಿಯುಸಿ ರಜೆಯಲ್ಲಿ ಅವರಲ್ಲಿ ಕಲಿತವಳು ನಾನು. ಎಂಸಿಎ ಮುಗಿಸಿ, ಬೋಧಕರ ಪ್ರಮಾಣಪತ್ರವನ್ನೂ ಪಡೆದು, ಅಲ್ಲಿಗೇ ಕೆಲಸ ಕೇಳಲು ಹೋದೆ. ಪ್ರಮಾಣಪತ್ರವಿಲ್ಲದವರು ತರಬೇತಿ ನಡೆಸುವಂತಿಲ್ಲ ಎಂಬ ನಿಯಮ ಆಗಷ್ಟೇ ಬಂದಿತ್ತು. ಮೇಡಂ ಬಳಿ ಇದ್ದದ್ದು ಟೈಪಿಂಗ್ ಸೀನಿಯರ್ ಪಾಸಾದ ಹಳೆಯ ಹಾಳೆ ಮಾತ್ರ. ಎರಡು ತಿಂಗಳಲ್ಲಿ ಅವರು ಪರೀಕ್ಷೆ ಪಾಸಾಗದಿದ್ದರೆ ತರಗತಿಯನ್ನು ನನಗೆ ಕೊಡುವುದಾಗಿ ತರಬೇತಿ ಕೇಂದ್ರದ ಮಾಲೀಕರು ಪತ್ರ ಬರೆದುಕೊಟ್ಟರು. ನಾನು ಬೇಡವೆನ್ನಲಿಲ್ಲ.

ಮೇಡಂ ಮುನಿಯಲಿಲ್ಲ. “ಸರ್ಟಿಫಿಕೇಟು ಬ್ಯಾಡ ಅನ್ನಂಗಿಲ್ಲವ್ವ ನಾನು. ಅದು ಒಳಗ ಬಿಡ್ತೈತಿ. ಒಳಗ ಬಂದ ಮ್ಯಾಲ ಕಲಿಸಬೇಕಲ್ಲ?” ಎಂದರು. ಅರ್ಜಿ ತುಂಬಿದರು.

ಮೊದಲ ಸಲ ಫೇಲಾದರು. ಬರೆಯುವುದರಲ್ಲಲ್ಲ, ಪಾಠ ಮಾಡಿ ತೋರಿಸುವುದರಲ್ಲಿ. ಮೊತ್ತ ಹಾಕಿ ತೋರಿಸಿ ಎಂದ ಪರೀಕ್ಷಕರಿಗೆ, ನೀವೇ ಮಾಡಿ, ನಾನು ಹೇಳುತ್ತೇನೆ ಎಂದು ಬೆನ್ನ ಹಿಂದೆ ಕೈ ಕಟ್ಟಿ ನಿಂತರಂತೆ. ಇವರಿಗೆ ಕಂಪ್ಯೂಟರ್ ಬಳಸಲು ಬಾರದು ಎಂದು ಪರೀಕ್ಷಕರು ಬರೆದರು.

ಗಡುವಿನೊಳಗೆ ಉಳಿದದ್ದು ಒಂದೇ ಅವಕಾಶ. ಹರಪನಹಳ್ಳಿಯ ಕೇಂದ್ರಕ್ಕೆ ಜೊತೆಯಲ್ಲಿ ನಾನೂ ಹೋದೆ. ಇವತ್ತೊಂದು ದಿನ ಮೌಸ್ ಮುಟ್ಟಿಬಿಡಿ ಎಂದು ಬಸ್ಸಿನಲ್ಲಿ ಬೇಡಿಕೊಂಡೆ. ಅವರು ಕಿಟಕಿಯಾಚೆ ನೋಡಿದರು.

ಪರೀಕ್ಷಕರು ಬೇರೆಯವರು. ಮೇಡಂ ಮತ್ತೆ ಹಾಗೆಯೇ ಕೈ ಕಟ್ಟಿ ನಿಂತರು. ಇಲ್ಲಿ ಎಲ್ಲರಿಗೂ ಕಂಪ್ಯೂಟರ್ ಬರುತ್ತದೆ, ಯಾರಿಗೆ ಕಲಿಸುತ್ತೀರಿ ಎಂದು ಪರೀಕ್ಷಕರು ಕೇಳಿದರು. ಮೇಡಂ ಪಡಸಾಲೆ ಗುಡಿಸುತ್ತಿದ್ದ ಹೆಂಗಸನ್ನು ತೋರಿಸಿದರು. ಆಕೆ ಪೊರಕೆ ಬಿಡಲಿಲ್ಲ.

“ಮುರಿದ್ರ ನನ್ನ ಮ್ಯಾಲ ಬರ್ತೈತಿ. ನಾ ಒಲ್ಲೆರಿ.”

“ದಿನಾ ರೊಟ್ಟಿ ಬಡಿಯೋ ಕೈ. ಇದಕ್ಕ ಅಂಜ್ತೈತೇನಬೇ?”

ಗುಡಿಸುವ ಒಂದೊಂದು ಕೋಣೆಯಲ್ಲಿ ಎಷ್ಟು ಕುರ್ಚಿಗಳಿವೆಯೆಂದು ಮೇಡಂ ಕೇಳಿದರು. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ ಕೂತು, ಒಂದೇ ಬೆರಳಲ್ಲಿ ಆ ಅಂಕಿಗಳನ್ನು ಒತ್ತಿದಳು. ಮೌಸ್ ಮೇಜಿನಿಂದ ಜಾರಿ ಜೋತಾಡಿತು. ಮೇಡಂ ಅದನ್ನು ಎತ್ತಿಕೊಡಲೂ ಇಲ್ಲ. ಪರೀಕ್ಷಕರು ಗಡಿಯಾರ ನೋಡಿದರು. ಕೊನೆಗೆ ಮೊತ್ತ ಮೂಡಿತು. ಆಕೆ ಬೆರಳು ಮಡಿಚಿ ಎಣಿಸಿ, ಪರೀಕ್ಷಕರತ್ತ ತಿರುಗಿ, “ಖರೇ ಐತ್ರಿ ಸಾರ್. ಪಾಸ್ ಮಾಡ್ರಿ” ಎಂದಳು. ಯಾರನ್ನು ಎಂದು ಹೇಳಲಿಲ್ಲ. ಪರೀಕ್ಷಕರು ನಗುತ್ತಲೇ ಸಹಿ ಹಾಕಿದರು.

ವಾಪಸಾಗುವಾಗ ಕೊಟ್ಟೂರಿನಲ್ಲಿ ಬಸ್ಸು ನಿಂತಿತು. ಮೇಡಂ ಇಳಿದು ಎರಡು ಪೊಟ್ಟಣ ಮಂಡಕ್ಕಿ, ಮಿರ್ಚಿ ತಂದರು. ಊರು ಬರುವವರೆಗೆ ಒಂದೇ ಸಮನೆ ಮಾತಾಡಿದರು.

ಮರುದಿನ ಬೆಳಿಗ್ಗೆ ಮೇಡಂ ಬರುವ ಮೊದಲೇ ಮಾಲೀಕರಿಗೆ ಅವರ ಪತ್ರವನ್ನು ಹಿಂತಿರುಗಿಸಿದೆ. ಮಹಡಿ ಹತ್ತಿ, ಹೊಸಬರ ಸಾಲಿನ ಹಿಂದೆ ಬೆನ್ನಿಗೆ ಕೈ ಕಟ್ಟಿ ನಿಂತೆ. ಯಾರೋ ತಡವರಿಸಿದಾಗ ಕೈಗಳು ಎರಡು ಸಲ ತಾವಾಗಿಯೇ ಬಿಚ್ಚಿಕೊಂಡವು. ಮತ್ತೆ ಕಟ್ಟಿದೆ.