ಅಂಗೈಯ ಕರಡಿಗೆ

ಎಪ್ಪತ್ತರ ದಶಕದಲ್ಲಿ ಅವ್ವನ ಎದೆಯ ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಲು ಸಿಂದಗಿಯಿಂದ ದೂರದ ದವಾಖಾನೆಗೆ ಹೋಗಿದ್ದೆವು. ಅಲ್ಲಿ ಎಕ್ಸ್‌ರೇ ತೆಗೆಯುವವರೊಬ್ಬರು ಸದಾ ಓಡುತ್ತಲೇ ಇರುತ್ತಿದ್ದರು. ಚಿತ್ರ ನೋಡಿ, ರೋಗಿಯ ಮೈಮೇಲೆ ಕಿರಣ ಬೀಳಬೇಕಾದ ಜಾಗಕ್ಕೆ ಅವರೇ ನೇರಳೆ ಶಾಯಿಯಿಂದ ಗೆರೆ ಎಳೆಯುತ್ತಿದ್ದರು. “ಚಿತ್ರ ಖರೇ ಹೇಳಬೇಕ್ರಿ,” ಎನ್ನುವುದು ಅವರ ನಿತ್ಯದ ಮಾತು.

ಅವ್ವನ ಮೊದಲ ಚಿತ್ರದಲ್ಲಿ ಬೆಳ್ಳನೆಯ ಗುಂಡು ಮೂಡಿತು. ಅದು ಅವಳು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ, ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ.

“ಜೀವ ಹೋದ್ರೂ ಲಿಂಗ ತೆಗ್ಯಾಂಗಿಲ್ರಿ,” ಎಂದಳು.

ಅವರು ಬೈಯಲಿಲ್ಲ. “ತೆಗೀಬ್ಯಾಡ್ರಿ ಯವ್ವಾ. ಪೂಜಿಯಾಗ ಹಿಡಿತೀರಲ್ಲ, ಹಂಗ ಕರಡಿಗಿ ಸಮೇತ ಅಂಗೈಯಾಗ ಹಿಡ್ಕೊಂಡು ಕೈ ಬಾಜೂಕ ಚಾಚ್ರಿ,” ಎಂದರು.

ಅವ್ವ ಕರಡಿಗೆ ಹಿಡಿದ ಕೈ ಚಾಚಿ ಕಣ್ಣು ಮುಚ್ಚಿದಳು. ಹೊರಗೆ ರೋಗಿಗಳ ಸಾಲು ಬೆಳೆದಿತ್ತು. ಆ ಅವಸರದ ಮನುಷ್ಯ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು, ಅವಳ ತುಟಿ ಅಲುಗುವುದು ನಿಲ್ಲುವವರೆಗೂ ಕಾದರು.