ಟೈಲರಮ್ಮ ಕೊಟ್ಟ ಎರಡು ಸಲಹೆ

ಟೈಲರಮ್ಮನಿಗೆ ಅನುಮಾನ ಹುಟ್ಟುಗುಣ. ಗಿರಾಕಿ ಬಟ್ಟೆ ಹಾಕಿಕೊಂಡು "ಚೆನ್ನಾಗಿದೆ" ಅಂದರೆ ಸಾಕು, ಇವಳು ಇಷ್ಟು ಬೇಗ ಒಪ್ಪಿದ್ದೇಕೆ ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಳ್ಳುವ ಹೆಂಗಸು. ಗಿರಾಕಿಗಳನ್ನು ತನ್ನ ಕಡೆ ಸೆಳೆಯುತ್ತಿದ್ದಾಳೆ ಎಂಬ ಗುಮಾನಿಯ ಮೇಲೆ, ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದ ಸ್ವಂತ ತಂಗಿಯನ್ನೂ ಅಂಗಡಿಯಿಂದ ಕಳಿಸಿಬಿಟ್ಟಿದ್ದಳು. ತಂಗಿ ಎರಡು ಬೀದಿ ಆಚೆ ತನ್ನದೇ ಮಿಷನ್ ಹಾಕಿಕೊಂಡಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಮಾತಿಗೆ ಉಳಿದದ್ದು ಫೋನಿನೊಳಗಿನ ಟೈಲರುಗಳ ಚರ್ಚಾಕಟ್ಟೆ. ತೋಳು ಸುಕ್ಕು ಬರುತ್ತದೆ, ದಾರ ತುಂಡಾಗುತ್ತದೆ ಎಂದು ಯಾರಾದರೂ ಗೋಳಾಡಿದರೆ ಇವಳ ಉತ್ತರ ಮಾರುದ್ದ ಇರುತ್ತಿತ್ತು. ಆದರೆ ಪ್ರತಿ ಉತ್ತರಕ್ಕೂ ಯಾರೋ ಒಬ್ಬರು ತಪ್ಪದೆ 'ಇಷ್ಟವಿಲ್ಲ' ಗುಂಡಿ ಒತ್ತುತ್ತಿದ್ದರು. ಹಾಗೆ ಒತ್ತಿಸಿಕೊಂಡ ಉತ್ತರ ಎಲ್ಲರದಕ್ಕಿಂತ ಕೆಳಗೆ ಹೋಗಿ ಕೂರುತ್ತಿತ್ತು. ಇದು ಎದುರಂಗಡಿಯ ಸೂಟು ಹೊಲಿಯುವವನದೇ ಕಿತಾಪತಿ ಎಂದು ಅವಳು ಕಿಟಕಿಯಿಂದ ಅವನ ಕೈಯನ್ನೇ ಕಾಯತೊಡಗಿದಳು. ಅವನು ಫೋನು ಮುಟ್ಟಿದರೆ ಇವಳಿಗೆ ಹೊಲಿಗೆ ಸೊಟ್ಟಗಾಗುತ್ತಿತ್ತು.

ಅಷ್ಟರಲ್ಲಿ ಕಟ್ಟೆಯನ್ನು ನಡೆಸುವವನು, ಬಳಸಲು ಇನ್ನೂ ಸುಲಭವಾಗಬೇಕಾದರೆ ಏನು ಬದಲಿಸಲಿ ಎಂದು ಎಲ್ಲರನ್ನೂ ಕೇಳಿದ. ಒಬ್ಬರು ಅಕ್ಷರ ದಪ್ಪ ಮಾಡಿ ಅಂದರು. ಇನ್ನೊಬ್ಬರು, ಗುಂಡಿಗಳು ಎಡ ಅಂಚಿಗೆ ಅಂಟಿಕೊಂಡಿವೆ, ಒಳಗೆ ಸರಿಸಿ ಅಂದರು. ಟೈಲರಮ್ಮ ಎರಡೇ ಸಲಹೆ ಕೊಟ್ಟಳು: ಗುಂಡಿ ಒತ್ತಿದವರ ಹೆಸರು ಎಲ್ಲರಿಗೂ ಕಾಣಬೇಕು, ಬರೆದದ್ದನ್ನು ಯಾರೂ ಅಳಿಸುವಂತಿರಬಾರದು.

ಅವನು ಫೋನು ಮಾಡಿದ. "ಹೆಸರು ಕಂಡ್ರೆ ಜಗಳ ಹತ್ಕೊಳ್ಳುತ್ತೆ ಮೇಡಂ."

"ತಪ್ಪು ಮಾಡದವರಿಗೆ ಯಾಕ್ರೀ ಭಯ? ನೀವು ಯಾರನ್ನೋ ಕಾಪಾಡ್ತಿರೋ ಹಾಗಿದೆ."

ಇವಳ ಬಾಯಿಗೆ ಬೀಳುವುದಕ್ಕಿಂತ ಮಾಡಿಕೊಡುವುದೇ ವಾಸಿ ಎಂದು ಅವನು ಗುಂಡಿ ಸರಿಸುವ ಕೆಲಸ ಬದಿಗಿಟ್ಟು ಮೊದಲು ಇವಳದನ್ನೇ ಮಾಡಿದ.

ಮರುದಿನ ಬೆಳಿಗ್ಗೆ ಹೆಸರು ಕಂಡಿತು. ಹಿಂದಿನ ರಾತ್ರಿ ಬರೆದದ್ದೊಂದನ್ನು ಬಿಟ್ಟು, ಅವಳ ಪ್ರತಿ ಉತ್ತರದ ಕೆಳಗೂ ಒಂದೇ ಹೆಸರು, ತಂಗಿಯದು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಿಂತಲ್ಲೇ ಬರೆದಳು: 'ಒಡಹುಟ್ಟಿದವಳೇ ಬೆನ್ನಿಗೆ ಚೂರಿ ಹಾಕಿದ್ದಾಳೆ. ಇವಳ ಕೈಗೆ ಬಟ್ಟೆ ಕೊಡುವವರು ಹುಷಾರು.' ಬರೆದವಳೇ ಚಪ್ಪಲಿ ಮೆಟ್ಟಿ ಹೊರಟಳು.

ತಂಗಿ ಮಿಷನ್ ಮುಂದೆ ಕೂತಿದ್ದಳು. ಅಕ್ಕನನ್ನು ಕಂಡು ಎದ್ದೇ ನಿಂತಳು.

"ನನ್ನ ಉತ್ತರ ಕಂಡ್ರೆ ನಿಂಗ್ಯಾಕೆ ಅಷ್ಟು ಹೊಟ್ಟೆಯುರಿ?"

"ಹೊಟ್ಟೆಯುರಿನಾ? ನೀನು ಬರೆದಿದ್ದು ಒಂದೂ ಬಿಟ್ಟಿಲ್ಲ ಕಣಕ್ಕ. ಕತ್ತರಿಸೋಕ್ ಮುಂಚೆ ನಿನ್ನ ಮಾತು ಓದೇ ಕತ್ತರಿಸೋದು. ನೋಡು ಬೇಕಾದ್ರೆ."

ತಂಗಿ ಎಡಚಿ. ಕತ್ತರಿ ಹಿಡಿಯುವ ಎಡಗೈಯಲ್ಲೇ ಫೋನು ಹಿಡಿದು, ಅಕ್ಕ ಹಿಂದಿನ ರಾತ್ರಿ ಬರೆದ ಉತ್ತರ ತೆಗೆದು ಹೆಬ್ಬೆರಳಿನಿಂದ ಮೇಲೆ ಸರಿಸಿದಳು. ಬೆರಳು ಅಂಚಿನ ಗುಂಡಿಗೆ ತಾಗಿತು. 'ಇಷ್ಟವಿಲ್ಲ' ಕೆಂಪಾಯಿತು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಟೈಲರಮ್ಮ ಅದನ್ನು ಕಣ್ಣಾರೆ ಕಂಡಳು. ಬೆಳಿಗ್ಗೆ ಬರೆದದ್ದನ್ನು ಇನ್ನು ಅಳಿಸುವ ಹಾಗಿಲ್ಲ, ಊರಿನ ಟೈಲರುಗಳೆಲ್ಲ ಓದುತ್ತಾರೆ. ಅಳಿಸದಂತೆ ಮಾಡಿಸಿದವಳೂ ತಾನೇ. ತಂಗಿಯ ಬೆರಳು ಆಗಲೇ ಅತ್ತ ಸರಿಯುತ್ತಿತ್ತು.

"ಹೊಸದೇನೋ ಬರೆದಿದ್ದೀಯಲ್ಲ, ಇನ್ನೂ ಓದಿಲ್ಲ."

"ಕೊಡಿಲ್ಲಿ. ಅದನ್ನ ನಾನೇ ಓದ್ತೀನಿ."

ಒಂದಕ್ಷರವನ್ನೂ ನುಂಗದೆ ಗಟ್ಟಿಯಾಗಿ ಓದಿದಳು. "ನಿನ್ನ ಹೆಬ್ಬೆರಳು ತಾಗಿ 'ಇಷ್ಟವಿಲ್ಲ' ಒತ್ಕೊಳ್ತಿದೆ, ನಾನು ನೀನೇ ಬೇಕಂತ ಒತ್ತಿದ್ದು ಅಂದ್ಕೊಂಡೆ. ತಪ್ಪಾಯ್ತು ಕಣೇ. ಅಂಗಡಿ ಬಿಡಿಸಿದ್ದೂ ತಪ್ಪೇ. ಇದರ ಕೆಳಗೆ ಹಾಗಂತ ಬರೀತೀನಿ, ಎಲ್ಲರೂ ಓದ್ಲಿ."

ತಂಗಿ ಫೋನು ಕಿತ್ತುಕೊಂಡಳು. ಬಲಗೈ ತೋರುಬೆರಳು ಚಾಚಿ, ಗುರಿಯಿಟ್ಟು ಅದಕ್ಕೂ 'ಇಷ್ಟವಿಲ್ಲ' ಒತ್ತಿದಳು.

"ಇದು ಬೇಕಂತಲೇ ಒತ್ತಿದ್ದು," ಎಂದು ಕಣ್ಣೊರೆಸಿಕೊಂಡಳು. "ಕೂತ್ಕೋ. ಏನಾದ್ರೂ ತಿಂದ್ಯಾ, ಹಾಗೇ ಓಡಿ ಬಂದ್ಯಾ?"