ರಂಜಕದ ಮುಚ್ಚಳ

ನಮ್ಮತ್ತೆಗೆ ನೋಟವಿರುವುದು ಬಲಗಣ್ಣಿನಲ್ಲಿ ಮಾತ್ರ. ಎಡಗಣ್ಣು ನಾನು ರಾಣೆಬೆನ್ನೂರಿಗೆ ಸೊಸೆಯಾಗಿ ಬರುವ ಮೊದಲೇ ಹೋಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು.

ಆ ವರ್ಷ ಮನೆಗೆ ಸಾಸ್ ತರುವುದನ್ನು ನಾನೇ ನಿಲ್ಲಿಸಿದ್ದೆ. ಮಗಳು ರೊಟ್ಟಿಗೂ ಸಾಸು, ಅವಲಕ್ಕಿಗೂ ಸಾಸು ಎನ್ನುತ್ತಿದ್ದಳು. ಬಾಟಲಿಯ ಹಿಂದಿನ ಚೀಟಿ ಓದಿ ಬೇಸರವಾಗಿ, ತವರೂರು ಮೇಡ್ಲೇರಿಯಿಂದ ಎರಡು ಕಿಲೋ ಕೆಂಪು ಹಸಿಮೆಣಸಿನಕಾಯಿ ತರಿಸಿದೆ. ತೊಳೆದು, ಬಟ್ಟೆಯ ಮೇಲೆ ಆರಿಸಿ, ತೊಟ್ಟು ಬಿಡಿಸಿ, ಉಪ್ಪು, ಬೆಳ್ಳುಳ್ಳಿ, ಮೆಂತ್ಯದ ಪುಡಿ ಸೇರಿಸಿ ರುಬ್ಬಿ, ನಿಂಬೆಹುಳಿ ಹಿಂಡಿದರೆ ರಂಜಕ. ಅತ್ತೆ ಪ್ರತಿ ವರ್ಷ ಅದನ್ನು ಭರಣಿಗೆ ತುಂಬಿ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟುತ್ತಿದ್ದರು. ನಾನು ಸಾಸಿನ ಖಾಲಿ ಗಾಜಿನ ಬಾಟಲಿಗಳನ್ನು ಕುದಿಸಿ ಒಣಗಿಸಿ ಇಟ್ಟಿದ್ದೆ. ಅಂಗಡಿಯದರ ಹಾಗೆ ಕಂಡರೆ ಮಗಳು ತಿಂದಾಳು ಎಂಬ ಆಸೆಯಿಂದ ಅವಕ್ಕೇ ತುಂಬಿದೆ.

"ಬಿಗಿ ಮಾಡಬ್ಯಾಡ. ನಾಕು ದಿನ ಅದು ಉಕ್ಕತೈತಿ," ಎಂದರು ಅತ್ತೆ.

"ಗಾಳಿ ಹೊಕ್ರ ಬೂಸ್ರು ಹಿಡಿತೈತ್ರಿ ಅತ್ತಿ."

"ಹೌದವ್ವಾ, ಹಾವೇರಿ ಕಾಲೇಜಿನ್ಯಾಗ ಓದಿದಾಕಿ ನೀ. ನಾ ಏನ್ ಓದೇನಿ, ಮೆಣಸಿನಕಾಯಿ ತೊಟ್ಟು!"

ಇಬ್ಬರೂ ನಕ್ಕೆವು. ನಾನು ಓದಿದ್ದು ರಸಾಯನಶಾಸ್ತ್ರ. ಹುದುಗುವಾಗ ಅನಿಲ ಹುಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಮುಚ್ಚಳವನ್ನು ಸೆರಗಿನಿಂದ ಹಿಡಿದು ತಿರುವಿದೆ. ಕೈ ಬಿಡುವ ಮೊದಲು ಇನ್ನೊಂದಿಷ್ಟು ತಿರುವಿದೆ. ಆ ಇನ್ನೊಂದಿಷ್ಟು ಈಗಲೂ ನನ್ನ ಮಣಿಕಟ್ಟಿನಲ್ಲಿದೆ.

ಐದನೆಯ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಕಟ್ಟೆಯ ಮೇಲಿನ ಬಾಟಲಿ ತೆಗೆದುಕೊಂಡು, ಸರಿಯಾಗಿ ಕಾಣದೆ ಮುಖದ ಹತ್ತಿರ ಹಿಡಿದು, ಮುಚ್ಚಳ ತಿರುವಿದರು. ಸೈಕಲ್ ಟ್ಯೂಬು ಒಡೆದಷ್ಟು ಸದ್ದು ಮಾಡಿ ಬಾಟಲಿ ಸಿಡಿಯಿತು. ಗೋಡೆ, ಸೀರೆ, ಹಂಚಿನ ಮೇಲಿನ ರೊಟ್ಟಿ, ಎಲ್ಲ ಕೆಂಪು. ಅತ್ತೆ ಎರಡೂ ಅಂಗೈ ಬಲಗಣ್ಣಿಗೆ ಒತ್ತಿಕೊಂಡು ನೆಲಕ್ಕೆ ಕುಸಿದಿದ್ದರು. ಬೆರಳ ಸಂದಿಯಿಂದ ಇಳಿಯುತ್ತಿದ್ದದ್ದು ರಂಜಕವೋ ರಕ್ತವೋ ತಿಳಿಯಲಿಲ್ಲ.

"ಕತ್ತಲಾತು," ಎಂದರು. ಕೂಗಲೂ ಇಲ್ಲ.

ಕೊಡದ ನೀರೆಲ್ಲ ಸುರಿದೆ. ರೆಪ್ಪೆ ಬಿಡಿಸಲು ಹೋದ ನನ್ನ ಬೆರಳಿಗೂ ಖಾರ ಮೆತ್ತಿತ್ತು. ಆಗ ಅವರು ಚೀರಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ನೋಡಿದಾಗ ಗಾಜು ಹುಬ್ಬನ್ನು ಸೀಳಿ ಕಣ್ಣನ್ನು ಬಿಟ್ಟಿತ್ತು. ಆದರೂ ಖಾರ ಸುಟ್ಟಿದ್ದರಿಂದ ಮೂರು ದಿನ ಪಟ್ಟಿ ಕಟ್ಟಿದರು. ಬಿಚ್ಚಿದ ಮೇಲಷ್ಟೇ ನೋಟದ ಮಾತು ಎಂದರು. ಅತ್ತೆ ಗೋಡೆ ಸವರುತ್ತ ನಡೆದರು, ನಾನು ಹಿಂದೆ. ಹೇಗಾಯಿತೆಂದು ನನ್ನ ಗಂಡ ಕೇಳಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ, "ಬಾಟ್ಲಿ ಹಳೇದಿತ್ತಪಾ," ಎಂದರು.

ಪಟ್ಟಿ ಬಿಚ್ಚಿದ ದಿನ ಅವರು ಬಹಳ ಹೊತ್ತು ರೆಪ್ಪೆ ಬಡಿದರು. ಕೊನೆಗೆ, "ಹುಚ್ಚಿ, ಎಷ್ಟ್ ಸೊರಗೀದಿ," ಎಂದರು.

ಈ ವರ್ಷವೂ ಮೆಣಸಿನಕಾಯಿ ಬಂತು. ರಂಜಕ ಬೇಡ, ಬ್ಯಾಡಗಿಯಿಂದ ಒಣಮೆಣಸಿನಕಾಯಿ ತಂದು ಚಟ್ನಿಪುಡಿ ಕುಟ್ಟೋಣ ಎಂದೆ. ಅತ್ತೆ ಕೇಳಲಿಲ್ಲ. ಭರಣಿ ತುಂಬಿ, ಧೋತರದ ತುಂಡನ್ನೂ ದಾರವನ್ನೂ ನನ್ನ ಕೈಗಿಟ್ಟು, "ನೀನ ಕಟ್ಟು. ಸಡ್ಲ ಇರ್ಲಿ," ಎಂದರು.

ಕಟ್ಟಿದೆ. ದಿನಕ್ಕೆ ಹತ್ತು ಸಲ ಆ ಗಂಟು ಮುಟ್ಟಿ ನೋಡುತ್ತೇನೆ. ಅವರು ಬಟ್ಟೆ ಬಿಚ್ಚಿ ಮೂಸಲು ಬಾಗಿದರೆ, ಭರಣಿಗೂ ಆ ಕಣ್ಣಿಗೂ ನಡುವೆ ನನ್ನ ಅಂಗೈ ತಾನಾಗಿ ಹೋಗುತ್ತದೆ.

"ತಗೀ ಕೈ, ವಾಸ್ನಿನ ಬರವಲ್ದು," ಎನ್ನುತ್ತಾರೆ.

ತೆಗೆಯಲು ಆಗುವುದಿಲ್ಲ.